ಕಾಳಾಮುಖರ ಗುಟ್ಟು: ಕಲ್ಲು ಹೇಳಿದ್ದೆಷ್ಟು, ನಾವು ಸೇರಿಸಿದ್ದೆಷ್ಟು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಊರುಗಳಲ್ಲಿ ಹಾಳುಬಿದ್ದ ಒಂದಾದರೂ ಹಳೆಯ ಶಿವನ ಗುಡಿ ಕಣ್ಣಿಗೆ ಬೀಳುತ್ತದೆ. ಅಂಥ ಗುಡಿಯ ಫೋಟೊ ವಾಟ್ಸಾಪಿನಲ್ಲಿ ಹೊರಟರೆ ಅದರ ಹಿಂದೆ ಎರಡು ಥರದ ಮಾತು ಹೊರಡುತ್ತವೆ. "ಇಲ್ಲಿ ಕಾಳಾಮುಖರು ನರಬಲಿ ಕೊಡುತ್ತಿದ್ದರು, ತಲೆಬುರುಡೆಯಲ್ಲಿ ಉಣ್ಣುತ್ತಿದ್ದರು" ಎಂಬುದು ಒಂದು. "ಇದು ಕಾಳಾಮುಖರ ವಿಶ್ವವಿದ್ಯಾಲಯ, ಇಡೀ ದೇಶಕ್ಕೆ ವಿದ್ಯೆ ಕೊಟ್ಟ ಜಾಗ" ಎಂಬುದು ಇನ್ನೊಂದು. ಒಂದನ್ನು ಕಳಿಸಿದವರು ಇನ್ನೊಂದನ್ನು ಒಪ್ಪುವುದಿಲ್ಲ. ಕೊನೆಗೆ ಮಾತು ಗುಡಿ ಯಾರದು ಎಂಬ ಜಗಳಕ್ಕೆ ಹೋಗಿ ನಿಲ್ಲುತ್ತದೆ.

ಸುದ್ದಿ ಬರೆಯುವ ನಮಗೆ ತರಗತಿಯಲ್ಲಿ ಕಲಿಸಿದ ಮೊದಲ ಪ್ರಶ್ನೆ ಒಂದೇ: ಇದನ್ನು ಹೇಳಿದವರು ಯಾರು? ಅವರು ಕಣ್ಣಾರೆ ಕಂಡರೋ, ಕೇಳಿ ಹೇಳಿದರೋ? ಹೇಳಿದ್ದರಿಂದ ಅವರಿಗೆ ಆಗುವುದೇನು? ನಿನ್ನೆಯ ಅಪಘಾತಕ್ಕೆ ಕೇಳುವ ಈ ಪ್ರಶ್ನೆಯನ್ನು ಒಂಬೈನೂರು ವರ್ಷ ಹಿಂದಿನ ಒಂದು ಪಂಥಕ್ಕೂ ಕೇಳಿ ನೋಡೋಣ.

ಯಾರು ಈ ಕಾಳಾಮುಖರು?

ಕಾಳಾಮುಖರು ಶೈವ ಸನ್ಯಾಸಿಗಳ ಒಂದು ಪಂಥ. ಲಕುಲೀಶನನ್ನು ತಮ್ಮ ಮೂಲಗುರು ಎಂದು ನಂಬಿದವರು. ಅದಕ್ಕೇ ಶಾಸನಗಳಲ್ಲಿ ಅವರ ಸಿದ್ಧಾಂತಕ್ಕೆ ಲಾಕುಲ ಎಂಬ ಹೆಸರು. ಸುಮಾರು 11ನೇ ಶತಮಾನದಿಂದ 13ನೇ ಶತಮಾನದವರೆಗೆ, ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಹೊಯ್ಸಳರು ಆಳುತ್ತಿದ್ದಾಗ, ಕನ್ನಡ ನಾಡಿನ ಎಷ್ಟೋ ದೊಡ್ಡ ಶಿವಾಲಯಗಳ ಆಡಳಿತ ಇವರ ಕೈಯಲ್ಲಿತ್ತು.

ದೊಡ್ಡ ಕೇಂದ್ರ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲೂಕಿನ ಬಳ್ಳಿಗಾವಿ. ಅಲ್ಲಿಯ ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠ ಇವರದು. ಗದಗಿನ ತ್ರಿಕೂಟೇಶ್ವರ ಗುಡಿಯೂ ಇವರ ಗುರುಗಳ ಕೈಯಲ್ಲಿತ್ತು. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇವರ ಗುರುತು ನೋಡಬೇಕೆಂದರೆ ಸವದತ್ತಿ ಕಡೆಯ ಹೂಲಿಗೆ ಹೋಗಬೇಕು. ಅಲ್ಲಿಯ ಗುಡಿಗಳ ಶಾಸನಗಳಲ್ಲಿ ಈ ಪಂಥದ ಗುರುಗಳ ಹೆಸರು ಬರುತ್ತದೆ.

ಹಾಗಾದರೆ ಇವರ ಬಗ್ಗೆ ನಮಗೆ ತಿಳಿದದ್ದು ಎಲ್ಲಿಂದ? ಸಾಕ್ಷಿ ಮೂರು ಥರದವು. ಒಂದೊಂದನ್ನೇ ಕರೆದು ಕೇಳೋಣ.

ಮೊದಲ ಸಾಕ್ಷಿ: ಎದುರು ಪಕ್ಷದವರು

ತಲೆಬುರುಡೆಯ ಮಾತು ಹುಟ್ಟಿದ್ದು ಬರೀ ಗಾಳಿಮಾತಿನಿಂದಲ್ಲ. ಯಾಮುನಾಚಾರ್ಯರ 'ಆಗಮಪ್ರಾಮಾಣ್ಯ'ದಲ್ಲಿ, ಆಮೇಲೆ ರಾಮಾನುಜಾಚಾರ್ಯರ 'ಶ್ರೀಭಾಷ್ಯ'ದಲ್ಲಿ ಕಾಳಾಮುಖರ ಆಚರಣೆಗಳ ಪಟ್ಟಿ ಇದೆ. ತಲೆಬುರುಡೆಯನ್ನು ಪಾತ್ರೆ ಮಾಡಿ ಉಣ್ಣುವುದು, ಹೆಣದ ಬೂದಿ ಮೈಗೆ ಬಳಿಯುವುದು, ಆ ಬೂದಿ ತಿನ್ನುವುದು, ದೊಣ್ಣೆ ಹಿಡಿಯುವುದು, ಹೆಂಡದ ಗಡಿಗೆ ಇಟ್ಟು ಅದರಲ್ಲಿ ದೇವರನ್ನು ಪೂಜಿಸುವುದು. ಇಷ್ಟು ಮಾಡಿದರೆ ಇಹದಲ್ಲೂ ಪರದಲ್ಲೂ ಬೇಕಾದ್ದು ಸಿಗುತ್ತದೆ ಎಂದು ಅವರು ನಂಬುತ್ತಾರೆ ಎಂಬ ಮಾತಿದೆ.

ಈ ಪಟ್ಟಿಯಲ್ಲಿ ನರಬಲಿ ಇಲ್ಲ. ಎದುರು ಪಕ್ಷದ ಇಷ್ಟು ದೊಡ್ಡ ಆಚಾರ್ಯರೇ ಹೇಳದ ಮಾತನ್ನು ಇವತ್ತಿನ ಮೊಬೈಲ್ ಸಂದೇಶ ಹೇಳುತ್ತದೆ.

ನರಬಲಿಯ ಚಿತ್ರ ಸಂಸ್ಕೃತ ನಾಟಕಗಳಲ್ಲಿ ಸಿಗುತ್ತದೆ. ಭವಭೂತಿಯ 'ಮಾಲತೀಮಾಧವ'ದಲ್ಲಿ ಅಘೋರಘಂಟ ಎಂಬವನು ನಾಯಕಿ ಮಾಲತಿಯನ್ನು ದೇವಿಗೆ ಬಲಿ ಕೊಡಲು ಹೊರಡುತ್ತಾನೆ. ಆದರೆ ಅವನು ಕಾಪಾಲಿಕ, ಕಾಳಾಮುಖನಲ್ಲ. ಮೇಲಾಗಿ ಅವನು ನಾಟಕದ ಖಳನಾಯಕ. ಸಿನಿಮಾ ನೋಡಿ ಪೊಲೀಸ್ ಠಾಣೆಯ ವರದಿ ಬರೆದರೆ ಹೇಗಿರುತ್ತದೋ, ಆ ನಾಟಕ ಓದಿ ನಮ್ಮ ಗುಡಿಯ ಇತಿಹಾಸ ಬರೆದರೆ ಹಾಗೇ ಇರುತ್ತದೆ.

ಇನ್ನು ಆಚಾರ್ಯರ ಪಟ್ಟಿಯ ತೂಕವೆಷ್ಟು? ಅವರು ಬರೆದದ್ದು ಪ್ರವಾಸ ಕಥನವಲ್ಲ. ಪಟ್ಟಿ ಬರುವುದು ಪಾಶುಪತ ಮೊದಲಾದ ಶೈವ ಮತಗಳು ವೇದಕ್ಕೆ ವಿರುದ್ಧ ಎಂದು ತೋರಿಸುವ ವಾದದ ನಡುವೆ. ವಾದದಲ್ಲಿ ಎದುರಿನವರ ಒಳ್ಳೆಯದನ್ನು ಎಣಿಸುತ್ತ ಕೂಡ್ರುವವರು ಕಡಿಮೆ. ಕಾಪಾಲಿಕರು, ಕಾಳಾಮುಖರು ಎಂಬ ಎರಡು ಪಂಥಗಳ ಆಚಾರ ಆ ಪಟ್ಟಿಯಲ್ಲಿ ಕಲೆತುಹೋಗಿರಬಹುದು ಎಂಬ ವಾದವೂ ಇದೆ. ಇದನ್ನು ಬಿಡಿಸಿ ಹೇಳಿದವರು ವಿದ್ವಾಂಸ ಡೇವಿಡ್ ಲೊರೆಂಜನ್. ಈ ಎರಡೂ ಪಂಥಗಳ ಮೇಲೆ ಅವರು ಬರೆದ ಪುಸ್ತಕ 1972ರಲ್ಲಿ ಬಂತು.

ಹಾಗಂತ ಆಚಾರ್ಯರು ಸುಳ್ಳು ಬರೆದರು ಎಂದು ನಾವು ಹೇಳುವುದಿಲ್ಲ. ಎದುರು ಪಕ್ಷದವರ ಮಾತನ್ನು ಎದುರು ಪಕ್ಷದವರ ಮಾತು ಎಂದೇ ಬರೆಯಬೇಕು ಎನ್ನುತ್ತೇವೆ. ಅಷ್ಟೇ.

ಎರಡನೇ ಸಾಕ್ಷಿ: ಕಲ್ಲು

ಈಗ ಕಲ್ಲಿನ ಕಡೆ ಬರೋಣ. ಬಳ್ಳಿಗಾವಿಯ ಒಂದು ಶಾಸನ 1162ರದು. ಕಾಲ ಬಿಜ್ಜಳನದು, ಬಸವಣ್ಣನವರ ಕಥೆಯಲ್ಲಿ ಬರುವ ಅದೇ ಬಿಜ್ಜಳ. ಕೋಡಿಯ ಮಠ ಹೇಗಿತ್ತು ಎಂದು ಈ ಕಲ್ಲು ಉದ್ದಕ್ಕೆ ವರ್ಣಿಸುತ್ತದೆ.

ಅಲ್ಲಿ ನಾಲ್ಕು ವೇದಗಳ ಓದು ನಡೆಯುತ್ತಿತ್ತು. ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣದ ಪಾಠವಿತ್ತು. ನ್ಯಾಯ, ವೈಶೇಷಿಕ, ಸಾಂಖ್ಯದಂಥ ದರ್ಶನಗಳು, ಬೌದ್ಧ ದರ್ಶನ, ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಕಾವ್ಯ, ನಾಟಕ ಎಲ್ಲವೂ ಇದ್ದವು. ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ನೀಡುತ್ತಿದ್ದರು. ಹಾಡುವವರು, ಕುಣಿಯುವವರು, ಬೇರೆ ಬೇರೆ ಪಂಥದ ಭಿಕ್ಷುಗಳು ಬಂದರೂ ಊಟವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಆಸರೆಯೂ ಔಷಧಿಯೂ ಇತ್ತು. ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಇದು ಎಂದೂ ಬರೆದಿದೆ.

ಗದಗಿನ ಶಾಸನ 1192ರದು. ಹೊಯ್ಸಳ ವೀರಬಲ್ಲಾಳ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ದತ್ತಿ ಪಡೆದ ಕಾಳಾಮುಖ ಆಚಾರ್ಯರ ಹೆಸರು ಸಿದ್ಧಾಂತಿ ಚಂದ್ರಭೂಷಣ ಪಂಡಿತ. ಅವರಿಗೆ ಸತ್ಯವಾಕ್ಯ ಎಂಬ ಇನ್ನೊಂದು ಹೆಸರೂ ಇತ್ತು. ಅಲ್ಲಿಯೂ ಕೊಂಡಾಡಿರುವುದು ಅವರ ಪಾಂಡಿತ್ಯವನ್ನು, ನಡತೆಯನ್ನು.

ಬುರುಡೆ ಎಲ್ಲಿ? ಹೆಂಡದ ಗಡಿಗೆ ಎಲ್ಲಿ? ಈ ಎರಡೂ ಕಲ್ಲುಗಳಲ್ಲಿ ಅವುಗಳ ಸುದ್ದಿಯಿಲ್ಲ.

ಇಲ್ಲಿಗೆ "ನೋಡಿ, ಕಲ್ಲೇ ಹೇಳಿತು, ಎರಡನೇ ಸಂದೇಶವೇ ಸರಿ" ಎನ್ನಬಹುದಲ್ಲ? ಸ್ವಲ್ಪ ತಾಳಿ. ಆ ಕಲ್ಲು ಬರೆಸಿದವರು ಯಾರು? ಮಠಕ್ಕೆ ದಾನ ಕೊಟ್ಟವರ ಕಡೆಯವರು, ದಾನ ಪಡೆದವರ ಕಡೆಯವರು. ಬರೆದ ಕವಿಯ ಕೆಲಸ ಹೊಗಳುವುದು. ಶಾಸನದಲ್ಲಿ ಸಣ್ಣ ಸಾಮಂತನೂ ಶೂರನಾಗುತ್ತಾನೆ, ಸಣ್ಣ ಊರೂ ಸ್ವರ್ಗವಾಗುತ್ತದೆ. ಒಂದು ಸಂಸ್ಥೆ ತನ್ನ ಬಗ್ಗೆ ತಾನೇ ಕಳಿಸಿದ ಪ್ರೆಸ್ ನೋಟನ್ನು ಹಾಗೇ ಅಚ್ಚು ಹಾಕಿದರೆ ಸುದ್ದಿ ಆಗುತ್ತದೆಯೇ? ಹೊಗಳಿಕೆಯೂ ಒಂದು ಪಕ್ಷದ ಮಾತೇ.

ಕಲ್ಲು ಯಾಕೆ ಗುಟ್ಟು ಬಿಡುವುದಿಲ್ಲ

ದಾನಶಾಸನ ಅಂದರೆ ಏನು ಎಂದು ತಿಳಿಯಲು ನಮ್ಮ ಹತ್ತಿರದ ಒಂದು ಕಲ್ಲು ನೋಡೋಣ. ಮೂಡಲಗಿ ಕಡೆಯ ಕಲ್ಲೋಳಿಯಲ್ಲಿ ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಕಾಲದ ಶಾಸನವಿದೆ. ಶಕ 1127, ಅಂದರೆ 1204-05ರ ಹೊತ್ತಿನದು. ಇದು ಕಾಳಾಮುಖರದ್ದಲ್ಲ, ಶಾಂತಿನಾಥ ಜಿನಾಲಯಕ್ಕೆ ಬಿಟ್ಟ ದತ್ತಿಯದು. ಗೋಕಾಕ ಹತ್ತಿರದ ಕೊಣ್ಣೂರಲ್ಲೂ 1087ರ ಜೈನ ಶಾಸನವಿದೆ. ಇವನ್ನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ 1870ರ ದಶಕದಲ್ಲಿ ಓದಿ ಮುಂಬೈಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು.

ಜೈನರದ್ದಿರಲಿ, ಶೈವರದ್ದಿರಲಿ, ದಾನಶಾಸನದ ಕಟ್ಟು ಹೆಚ್ಚುಕಡಿಮೆ ಒಂದೇ. ಮೊದಲು ದೇವರ ಸ್ತುತಿ. ಆಮೇಲೆ ಅರಸನ ವಂಶ, ದಾನಿಯ ವಂಶ, ಗುರುವಿನ ಪರಂಪರೆ. ನಂತರ ತಿಥಿ. ಆಮೇಲೆ ಎಷ್ಟು ಮತ್ತರು ಭೂಮಿ, ಯಾವ ದಿಕ್ಕಿಗೆ ಯಾವ ಗಡಿ, ಸಂತೆಯ ಯಾವ ಮಾಲಿನ ಮೇಲೆ ಎಷ್ಟು ಸುಂಕ ಎಂಬ ಲೆಕ್ಕ. ಕೊನೆಗೆ, ಈ ದತ್ತಿ ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ತಟ್ಟಲಿ ಎಂಬಂಥ ಶಾಪ.

ಇದು ನಮ್ಮ ಹೊಲದ ಉತಾರದ ಹಾಗೆ. ಉತಾರ ನೋಡಿದರೆ ಹೊಲ ಯಾರ ಹೆಸರಿಗಿದೆ, ಎಷ್ಟು ಎಕರೆ ಎಷ್ಟು ಗುಂಟೆ, ಯಾವ ಬೆಳೆ ಎಂದು ತಿಳಿಯುತ್ತದೆ. ಆ ಮನೆಯವರು ದೇವರ ಕೋಣೆಯಲ್ಲಿ ಬಾಗಿಲು ಮುಚ್ಚಿ ಏನು ಬೇಡಿಕೊಂಡರು ಎಂದು ತಿಳಿಯುವುದಿಲ್ಲ. ಉತಾರದಲ್ಲಿ ಇಲ್ಲ ಎಂದಮಾತ್ರಕ್ಕೆ ಆ ಮನೆಯಲ್ಲಿ ಪೂಜೆಯೇ ನಡೆಯುತ್ತಿರಲಿಲ್ಲ ಎನ್ನಲೂ ಬರುವುದಿಲ್ಲ.

ಹಾಗೇ, ಬಳ್ಳಿಗಾವಿಯ ಕಲ್ಲಿನಲ್ಲಿ ಬುರುಡೆಯ ಮಾತಿಲ್ಲ ಎಂಬುದರಿಂದ ಬುರುಡೆ ಇರಲೇ ಇಲ್ಲ ಎಂದು ಸಾಬೀತಾಗುವುದಿಲ್ಲ. ಊರ ಮುಂದೆ ನಿಲ್ಲಿಸುವ ಕಲ್ಲಿನಲ್ಲಿ ಒಳಗಿನ ದೀಕ್ಷೆಯ ಮಾತನ್ನು ಯಾರೂ ಕೆತ್ತಿಸುವುದಿಲ್ಲ.

ಇದು ನಮ್ಮಲ್ಲಿ ಮಾತ್ರವಲ್ಲ

ಗುಟ್ಟಿನ ದೀಕ್ಷೆ ಇದ್ದ ಕಡೆಯಲ್ಲೆಲ್ಲ ಇತಿಹಾಸಕಾರರಿಗೆ ಇದೇ ಫಜೀತಿ. ಹೆಸರಾದ ಉದಾಹರಣೆ ಹಳೆಯ ಗ್ರೀಸ್ ದೇಶದ್ದು.

ಅಥೆನ್ಸ್ ನಗರದಿಂದ ಸುಮಾರು 20 ಕಿ.ಮೀ. ದೂರದಲ್ಲಿ ಎಲ್ಯೂಸಿಸ್ ಎಂಬ ಊರಿದೆ. ಅಲ್ಲಿ ಡಿಮೀಟರ್ ಎಂಬ ಬೆಳೆಯ ದೇವತೆಯ ಗುಡಿ. ಅವಳ ಮಗಳು ಪರ್ಸೆಫೊನಿಯನ್ನು ಪಾತಾಳದ ಒಡೆಯ ಹೊತ್ತೊಯ್ದ. ತಾಯಿಯ ದುಃಖಕ್ಕೆ ಭೂಮಿಯಲ್ಲಿ ಬೆಳೆ ನಿಂತಿತು. ಮಗಳು ಮರಳಿ ಬಂದಾಗ ಮತ್ತೆ ಪೈರು ಎದ್ದಿತು. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ನಮಗೆ ಈ ಕಥೆ ಬಹಳ ದೂರದ್ದು ಅನಿಸುವುದಿಲ್ಲ. ಅಲ್ಲಿಯ ದೊಡ್ಡ ಹಬ್ಬವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬರುತ್ತಿತ್ತು.

ಹೆಂಗಸರು, ಗಂಡಸರು, ಗುಲಾಮರು ಕೂಡ ಅಲ್ಲಿ ದೀಕ್ಷೆ ತೆಗೆದುಕೊಳ್ಳಬಹುದಿತ್ತು. ಸಾವಿರಾರು ಜನ ಕೂಡ್ರುವಷ್ಟು ದೊಡ್ಡ ಮಂಟಪವಿತ್ತು. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಈ ಹಬ್ಬ ನಡೆಯಿತು. ಆದರೂ ಒಳಗೆ ಆ ರಾತ್ರಿ ಏನು ತೋರಿಸುತ್ತಿದ್ದರು ಎಂದು ದೀಕ್ಷೆ ಪಡೆದ ಒಬ್ಬರೂ ಬಿಡಿಸಿ ಬರೆದಿಟ್ಟಿಲ್ಲ. ಗುಟ್ಟು ಬಿಟ್ಟರೆ ಮರಣದಂಡನೆ. ಕ್ರಿ.ಪೂ. 415ರಲ್ಲಿ ಅಲ್ಸಿಬಯಡೀಸ್ ಎಂಬ ಹೆಸರಾಂತ ಸೇನಾನಿಯ ಮೇಲೆ, ಮನೆಯಲ್ಲಿ ಈ ಆಚರಣೆಯ ಅಣಕವಾಡಿದ ಎಂದು ಕೇಸು ಬಿತ್ತು. ಅವನು ವಿಚಾರಣೆಗೆ ಬರದೆ ತಪ್ಪಿಸಿಕೊಂಡ. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸನ್ನೆಲ್ಲ ಸುತ್ತಿ ಗುಡಿಗಳ ವಿವರ ಬರೆದ ಪೌಸೇನಿಯಸ್, ಎಲ್ಯೂಸಿಸ್ಸಿನ ಗೋಡೆಯ ಹೊರಗೇ ಬರವಣಿಗೆ ನಿಲ್ಲಿಸಿದ. ಕನಸಿನಲ್ಲಿ ತನಗೆ ಬೇಡವೆಂದು ಅಪ್ಪಣೆಯಾಯಿತು ಎಂದ.

ಹಾಗಾದರೆ ಉಳಿದದ್ದು ಏನು? ಅಲ್ಲಿಯೂ ಎದುರು ಪಕ್ಷದ ಮಾತು ಮತ್ತು ಕಲ್ಲು. ಕ್ಲೆಮೆಂಟ್, ಹಿಪ್ಪೊಲಿಟಸ್ ಎಂಬ ಕ್ರೈಸ್ತ ಲೇಖಕರು ಹಳೆಯ ಪೂಜೆಯನ್ನು ಖಂಡಿಸಲೆಂದೇ ಅದರ ವಿವರ ಬರೆದರು. ಮೌನದಲ್ಲಿ ಕೊಯ್ದ ಒಂದು ತೆನೆಯನ್ನು ತೋರಿಸುತ್ತಿದ್ದರು ಎಂಬ ಮಾತು ಬರುವುದು ಹಿಪ್ಪೊಲಿಟಸ್‌ನಲ್ಲಿ, ಅದೂ ಬೇರೆಯವರಿಂದ ಎತ್ತಿಕೊಂಡದ್ದು. ಕಲ್ಲುಗಳಲ್ಲಿ ಇರುವುದು ಲೆಕ್ಕ. ಕ್ರಿ.ಪೂ. 329-28ರ ಒಂದು ಶಾಸನದಲ್ಲಿ ಗುಡಿಯ ಖರ್ಚು, ಗುಡಿಗೆ ಬಂದ ಕಾಳಿನ ಲೆಕ್ಕ ಸವಿಸ್ತಾರವಾಗಿ ಇದೆ. ಎಷ್ಟು ಗೋದಿ, ಎಷ್ಟು ಜವೆಗೋದಿ ಬಂತು ಎಂದು ಗೊತ್ತು. ಒಳಗೆ ಏನಾಯಿತು ಎಂದು ಮಾತ್ರ ಗೊತ್ತಿಲ್ಲ.

ಖಾಲಿ ಜಾಗ ಕಂಡರೆ ಊಹೆ ಬಂದು ಕೂಡ್ರುತ್ತದೆ. ದೀಕ್ಷೆಯ ಹೊತ್ತಿಗೆ ಕುಡಿಯುತ್ತಿದ್ದ ಜವೆಗೋದಿಯ ಪಾನಕದಲ್ಲಿ ತೆನೆಗೆ ಹತ್ತುವ ಒಂದು ಶಿಲೀಂಧ್ರದ ಅಮಲು ಇತ್ತು ಎಂದು 1978ರಲ್ಲಿ ಒಂದು ಪುಸ್ತಕ ವಾದಿಸಿತು. ಆ ವಾದಕ್ಕೆ ಇವತ್ತಿಗೂ ಓದುಗರಿದ್ದಾರೆ. ಆದರೆ ಹಳೆಯ ಸ್ತೋತ್ರದಲ್ಲಿ ಆ ಪಾನಕಕ್ಕೆ ಹೇಳಿರುವುದು ನೀರು, ಜವೆಗೋದಿ ಹಿಟ್ಟು, ಪುದೀನದ ಜಾತಿಯ ಒಂದು ಸೊಪ್ಪು. ಅಷ್ಟೇ.

ಮೂರನೇ ಸಾಕ್ಷಿ: ಹಳೆಯ ಶೈವ ಪುಸ್ತಕ

ಮತ್ತೆ ನಮ್ಮ ಕಾಳಾಮುಖರಿಗೆ ಬರೋಣ. ಗ್ರೀಸಿನವರಿಗೆ ಇಲ್ಲದ ಒಂದು ಸಾಕ್ಷಿ ನಮಗಿದೆ. 'ನಿಶ್ವಾಸತತ್ತ್ವಸಂಹಿತಾ' ಎಂಬ ಬಹಳ ಹಳೆಯ ಶೈವ ಗ್ರಂಥ ನೇಪಾಳದ ತಾಳೆಗರಿಯಲ್ಲಿ ಉಳಿದಿದೆ. ಅದರಲ್ಲಿ, ಪಾಶುಪತರಿಗಿಂತ ಕಠಿಣ ವ್ರತ ಹಿಡಿದ ಸಾಧಕರ ನಡೆ ಹೇಳಿದೆ. ಬೂದಿ ಬಳಿದುಕೊಂಡು, ಬುರುಡೆಯ ಪಾತ್ರೆ ಹಿಡಿದು ತಿರುಗಬೇಕು ಎಂಬ ವಿಧಿ ಅಲ್ಲಿದೆ. ಈ ವ್ರತ ಲಾಕುಲರದು ಎಂದು ವಿದ್ವಾಂಸ ಅಲೆಕ್ಸಿಸ್ ಸ್ಯಾಂಡರ್ಸನ್ ತೋರಿಸಿದ್ದಾರೆ.

ಅಂದರೆ ಬುರುಡೆಯ ಮಾತು ಪೂರಾ ಕಟ್ಟುಕಥೆಯಲ್ಲ. ಶೈವರ ಗ್ರಂಥದಲ್ಲೇ ಅದಕ್ಕೆ ಬೇರು ಇದೆ. ಎರಡನೇ ಸಂದೇಶ ಕಳಿಸುವವರು ಇದನ್ನು ಮುಚ್ಚಿಡುವಂತಿಲ್ಲ.

ಮೊದಲ ಸಂದೇಶದವರಿಗೂ ಒಂದು ಮಾತು. ಆ ಗ್ರಂಥ ಕೋಡಿಯ ಮಠದ ಶಾಸನಕ್ಕಿಂತ ನೂರಾರು ವರ್ಷ ಹಳೆಯದು. ಗ್ರಂಥ ಹೇಳುವುದು ಮಾಡಬೇಕಾದ್ದನ್ನು, ಮಾಡಿದ್ದನ್ನಲ್ಲ. ಪಂಚಾಯ್ತಿ ಗೋಡೆಯ ಮೇಲೆ ಬರೆದ ನಿಯಮ ಓದಿ ಊರಲ್ಲಿ ಎಲ್ಲರೂ ಹಾಗೇ ನಡೆಯುತ್ತಾರೆ ಎಂದು ವರದಿ ಮಾಡಲಾದೀತೇ? ಬುರುಡೆಯ ವ್ರತ ಎಲ್ಲೋ ಕೆಲವು ಸಾಧಕರದಾಗಿದ್ದಿರಬಹುದು. ಮಠ ನಡೆಸುವ, ಅರಸರ ಗುರುವಾಗಿರುವ, ವ್ಯಾಕರಣ ಕಲಿಸುವ ಪಂಡಿತರ ಬದುಕು ಬೇರೆಯೇ ಆಗಿದ್ದಿರಬಹುದು. ಒಂದೇ ಪಂಥದಲ್ಲಿ ಎರಡೂ ಇರುವುದು ಹೊಸದೇನಲ್ಲ.

ಹಾಗಾದರೆ ಧೈರ್ಯವಾಗಿ ಹೇಳಬಹುದಾದ್ದು ಏನು?

ಮೂರೂ ಸಾಕ್ಷಿ ಕೇಳಿದ ಮೇಲೆ ನಮ್ಮ ನೋಟ್‌ಬುಕ್ಕಿನಲ್ಲಿ ಉಳಿಯುವುದು ಇಷ್ಟು.

ಕಾಳಾಮುಖರು ಇದ್ದರು. ಗುಡಿ, ಮಠ, ಭೂಮಿ ಅವರ ಕೈಯಲ್ಲಿದ್ದವು. ಗುರುಪರಂಪರೆಯ ಹೆಸರುಗಳು ಸಿಗುತ್ತವೆ. ವಿದ್ಯೆ, ಅನ್ನ, ಔಷಧಿಯ ಕೆಲಸ ತಮ್ಮದು ಎಂದು ಅವರು ಹೆಮ್ಮೆಯಿಂದ ಕಲ್ಲಿನಲ್ಲಿ ಬರೆಸಿದರು. ಅವರ ಆಚರಣೆಯ ಬಗ್ಗೆ ಎದುರಾಳಿಗಳು ಘೋರವಾದ ಪಟ್ಟಿ ಬರೆದರು. ಆ ಪಟ್ಟಿಯ ಕೆಲವು ಅಂಶ ಹಳೆಯ ಶೈವ ಗ್ರಂಥದಲ್ಲೂ ಇದೆ. ನರಬಲಿ ಮಾತ್ರ ಈ ಮೂರರಲ್ಲಿ ಯಾವ ಸಾಕ್ಷಿಯ ಬಾಯಲ್ಲೂ ಬಂದಿಲ್ಲ.

13ನೇ ಶತಮಾನದ ನಂತರ ಈ ಪಂಥದ ಹೆಸರು ಶಾಸನಗಳಲ್ಲಿ ಅಪರೂಪವಾಗುತ್ತ ಹೋಗುತ್ತದೆ. ಅವರ ಕೆಲವು ಗುಡಿ, ಮಠಗಳು ಮುಂದೆ ವೀರಶೈವರ ಕೈಯಲ್ಲಿ ಕಾಣುತ್ತವೆ. ಅದರಿಂದ ಕಾಳಾಮುಖರೇ ವೀರಶೈವರಾದರು ಎಂದು ವಾದಿಸಿದವರಿದ್ದಾರೆ, ಒಪ್ಪದವರೂ ಇದ್ದಾರೆ. ಮೊದಲಿನ ಸ್ಥಿತಿಗೂ ಆಮೇಲಿನ ಸ್ಥಿತಿಗೂ ಸಾಕ್ಷಿ ಇದೆ. ನಡುವಿನ ಬದಲಾವಣೆಯನ್ನು ಇತಿಹಾಸಕಾರರು ಊಹಿಸಬೇಕಾಗಿದೆ. ಊಹೆಯನ್ನು ಊಹೆ ಎಂದು ಕರೆದರೆ ಅದರಿಂದ ಯಾರ ಮಾನವೂ ಹೋಗುವುದಿಲ್ಲ. ಅದನ್ನೇ ಸತ್ಯವೆಂದು ಕೂಗಿದರೆ ಎರಡು ಓಣಿಗಳ ನಡುವೆ ಮಾತು ನಿಲ್ಲುತ್ತದೆ.

ಊರ ಕಲ್ಲನ್ನು ಹೀಗೆ ಕಾಯಿರಿ

ಸಾಕ್ಷಿ ಇಷ್ಟು ಕಡಿಮೆ ಇರುವಾಗ ಇರುವ ಸಾಕ್ಷಿಯನ್ನೂ ನಾವು ಕಳೆದುಕೊಳ್ಳುವುದು ಸರಿಯೇ? ಎಷ್ಟೋ ಊರುಗಳಲ್ಲಿ ಶಾಸನದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿದೆ, ಕಟ್ಟೆಗೆ ಚಪ್ಪಡಿಯಾಗಿದೆ, ಆಯಿಲ್ ಪೇಂಟು ಬಳಿಸಿಕೊಂಡಿದೆ. ಕಲ್ಲಿನ ಮೇಲೆ ಸೂರ್ಯ, ಚಂದ್ರ, ಆಕಳು-ಕರು, ಖಡ್ಗ ಕಂಡರೆ ಅದು ನಿಧಿಯ ಗುರುತು ಎಂದು ರಾತ್ರಿ ಅಗೆಯುವವರೂ ಇದ್ದಾರೆ. ಸೂರ್ಯಚಂದ್ರರು ಇರುವವರೆಗೆ ಈ ದತ್ತಿ ನಡೆಯಲಿ ಎಂಬುದು ಆ ಚಿತ್ರದ ಅರ್ಥ. ಕೆಳಗೆ ಬಂಗಾರವಿಲ್ಲ. ಮಣ್ಣಿನಲ್ಲಿ ಹೂತ ಭಾಗದಲ್ಲಿ ಇನ್ನೂ ನಾಲ್ಕು ಸಾಲು ಅಕ್ಷರವಿರಬಹುದು. ಗುದ್ದಲಿ ಏಟು ಬೀಳುವುದು ಅದಕ್ಕೇ.

ನಿಮ್ಮ ಊರಲ್ಲಿ ಅಕ್ಷರದ ಕಲ್ಲು ಇದ್ದರೆ ಹೀಗೆ ಮಾಡಿ. ಅದನ್ನು ಇದ್ದ ಜಾಗದಿಂದ ಕದಲಿಸಬೇಡಿ. ಎಲ್ಲಿತ್ತು ಎಂಬುದೂ ಸಾಕ್ಷಿಯೇ. ಬಣ್ಣ, ಎಣ್ಣೆ, ಸುಣ್ಣ ಬಳಿಯಬೇಡಿ. ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಅಕ್ಷರ ಕಾಣಬೇಕೆಂದರೆ ಬೆಳಿಗ್ಗೆ ಅಥವಾ ಸಂಜೆ ಎಳೆಬಿಸಿಲು ಪಕ್ಕದಿಂದ ಬೀಳುವಾಗ ಫೋಟೊ ತೆಗೆಯಿರಿ. ರಾತ್ರಿಯಾದರೆ ಮೊಬೈಲ್ ಟಾರ್ಚನ್ನು ಕಲ್ಲಿನ ಬದಿಗೆ ಹಿಡಿಯಿರಿ, ಅಕ್ಷರ ಎದ್ದು ಕಾಣುತ್ತವೆ. ಇಡೀ ಕಲ್ಲಿನದೊಂದು, ಆಮೇಲೆ ಮೇಲಿನಿಂದ ಕೆಳಕ್ಕೆ ತುಂಡು ತುಂಡಾಗಿ ಕೆಲವು ಫೋಟೊ ಸಾಕು. ಅವನ್ನು ಪುರಾತತ್ವ ಇಲಾಖೆಗೋ, ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟ್ರಿಗೋ ತೋರಿಸಿ.

ಆ ಕಲ್ಲು ಓದಿದಾಗ ಅದರಲ್ಲಿ ಏನು ಬರುತ್ತದೆ? ಬಹುಶಃ ಯಾವ ಗುಟ್ಟೂ ಬರುವುದಿಲ್ಲ. ಒಬ್ಬ ಗೌಂಡ ಇಷ್ಟು ಮತ್ತರು ಹೊಲ ಬಿಟ್ಟ, ಒಬ್ಬ ಎಣ್ಣೆ ವ್ಯಾಪಾರಿ ದೀಪಕ್ಕೆ ಇಷ್ಟು ಎಣ್ಣೆ ಕೊಟ್ಟ ಎಂದು ಇರಬಹುದು. ಅದು ನಿಮ್ಮ ಊರಿನ ಹಿರಿಯರ ಮಾತು, ಸೇರಿಸಿ ಹೇಳುವವರು ಯಾರೂ ನಡುವೆ ಇಲ್ಲದ ಮಾತು. ಅಷ್ಟು ಸಿಕ್ಕರೂ ಲಾಭವೇ.